ಬೆಟ್ಟದ ಸಭೆಗೆ ಅಳತೆಗೋಲು ಯಾವುದು?

ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತದ್ದು 2005ರ ಡಿಸೆಂಬರ್ 31ರಂದು. ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ನೀಡಿದ ತೀರ್ಪಿನ ಫಲ ಅದು. ಭದ್ರೆಯ ಹರಿವನ್ನೂ ಶೋಲಾ ಕಾಡನ್ನೂ ಬಲ್ಲವರು ಅದನ್ನು ಸ್ವಾಗತಿಸಿದರು. ಸ್ವಾಗತಿಸಬೇಕಾದ ತೀರ್ಪೇ ಅದಾಗಿತ್ತು. ಆದರೆ ಗಣಿಯೊಂದಿಗೆ ಒಂದು ಪಟ್ಟಣದ ಬದುಕೂ ಮುಗಿಯಿತು ಎಂಬುದನ್ನು ನೆನೆದವರು ಕಡಿಮೆ. 1976ರಲ್ಲಿ ಕಂಪನಿ ಸ್ಥಾಪನೆಯಾದ ಮೇಲೆ ಕರಾವಳಿಯಿಂದ, ಬಯಲುಸೀಮೆಯಿಂದ, ನೆರೆರಾಜ್ಯಗಳಿಂದ ಬಂದವರು ಅಲ್ಲಿ ಮನೆ ಹೂಡಿದ್ದರು. ತಮ್ಮ ಭಾಷೆ, ಹಬ್ಬ, ಪ್ರಾರ್ಥನೆಗಳನ್ನೂ ಜೊತೆಗೆ ತಂದಿದ್ದರು. ಉತ್ಪಾದನೆ ಮಂಗಳೂರಿಗೆ ಸೀಮಿತವಾದಾಗ ಕುಟುಂಬಗಳು ಒಂದೊಂದಾಗಿ ಘಟ್ಟ ಇಳಿದವು. ಹೀಗೆ ತನ್ನದಲ್ಲದ ಕಾರಣಕ್ಕೆ ಜನ ಕರಗಿದಾಗ, ಒಂದು ವಿಶ್ವಾಸಿ ಸಮುದಾಯ ತನ್ನ ಬೆಳವಣಿಗೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಈ ಪ್ರಶ್ನೆ ಕುದುರೆಮುಖಕ್ಕೆ ಮಾತ್ರ ಸೀಮಿತವಲ್ಲ. ಕಳಸ, ಮೂಡಿಗೆರೆ, ಚಿಕ್ಕಮಗಳೂರಿನ ಕಾಫಿ ಸೀಮೆಯ ಕ್ರೈಸ್ತ ಸಭೆಗಳೆಲ್ಲ ಬಹುಮಟ್ಟಿಗೆ ವಲಸೆಯ ಫಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ ತೋಟಗಾರರು ಬಂದರು. ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಘಟ್ಟ ಹತ್ತಿದರು. ತಮಿಳು ಕೂಲಿಕಾರರು ಲೈನು ಮನೆಗಳಲ್ಲಿ ನೆಲೆಸಿದರು. ಮೈಸೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟು 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ರೂಪುಗೊಂಡಾಗ, ಮೊದಲ ಧರ್ಮಾಧ್ಯಕ್ಷರಾದ ಅಲ್ಫೋನ್ಸಸ್ ಮಥಾಯಸ್ ಅವರ ಮುಂದಿದ್ದುದು ಇಂಥ ಬಹುಭಾಷಿಕ ಮಂದೆ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ನಿನ ಜಾಗದಲ್ಲಿ ಜನಭಾಷೆಗೆ ಅವಕಾಶ ಕೊಟ್ಟಿತು. ಆದರೆ ಮಲೆನಾಡಿನ ಜನಭಾಷೆ ಯಾವುದು? ಮನೆಯಲ್ಲಿ ಕೊಂಕಣಿ, ತಮಿಳು ಅಥವಾ ಮಲಯಾಳ, ಸಂತೆಯಲ್ಲಿ ಕನ್ನಡ. ಈ ಎಲ್ಲರನ್ನೂ ಒಂದೇ ಪೀಠದ ಮುಂದೆ ಕೂರಿಸುವ ಸೇತುವೆಯಾಗಿ ಕನ್ನಡ ಒದಗಿಬಂದದ್ದು ಸಣ್ಣ ಸಂಗತಿಯಲ್ಲ.

ವಲಸೆಯಿಂದ ಕಟ್ಟಿದ ಸಭೆಗೆ ಅಗಲಿಕೆ ತಪ್ಪಿದ್ದಲ್ಲ. ಅದಕ್ಕೆ ನಮ್ಮ ನಾಡಿನಲ್ಲಿಯೇ ಹಿಂದಿನ ನಿದರ್ಶನಗಳಿವೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಅದೇ ನದಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು, ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಶೆಟ್ಟಿಹಳ್ಳಿಯ ಇಗರ್ಜಿಯನ್ನು ಆವರಿಸಿತು. ಇಂದು ಪ್ರವಾಸಿಗರು ಅಲ್ಲಿ ಛಾಯಾಚಿತ್ರ ತೆಗೆಯುತ್ತಾರೆ. ಕಟ್ಟಡ ಪಾಳುಬಿದ್ದಿತು, ಅಲ್ಲಿ ಮೊಣಕಾಲೂರಿದವರ ವಿಶ್ವಾಸ ಅವರೊಂದಿಗೆ ಬೇರೆ ಊರಿಗೆ ನಡೆಯಿತು.

ಬಾಸೆಲ್ ಮಿಷನ್ನಿನ ಕಥೆ ಇನ್ನೂ ಬೋಧಪ್ರದ. 1834ರಲ್ಲಿ ಮಂಗಳೂರಿಗೆ ಬಂದ ಆ ಸಂಸ್ಥೆ ಶಾಲೆ, ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿತು. 1914ರಲ್ಲಿ ಮಹಾಯುದ್ಧ ಆರಂಭವಾದ ಮೇಲೆ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಹೊರಗೆ ಕಳುಹಿಸಿತು. ಉದ್ಯಮಗಳು ಮಿಷನ್ನಿನ ಕೈತಪ್ಪಿದವು. ಗುರು, ಸಂಬಳ, ಆಶ್ರಯ ಎಲ್ಲವೂ ಪೋಷಕನಿಂದಲೇ ಬರುತ್ತಿದ್ದ ಸಭೆಗಳಿಗೆ ಅದು ಅಗ್ನಿಪರೀಕ್ಷೆ. ಆದರೂ ಅವು ಉಳಿದವು. ಸ್ಥಳೀಯ ಸಭಾಪಾಲಕರು, ಹಿರಿಯರು ಹೊಣೆ ಹೊತ್ತರು. ಮುಂದೆ ದಕ್ಷಿಣ ಭಾರತ ಸಭೆಯ ಅಂಗವಾದವು. ಪೋಷಕ ನಿರ್ಗಮಿಸಿದ ದಿನ ಉಳಿಯುವುದು ಏನೋ ಅದೇ ನಿಜವಾದ ಸಭೆ ಎಂಬ ಪಾಠ ಇಲ್ಲಿದೆ.

ಉಳಿದವರ ಕಥೆ ಒಂದು ಭಾಗವಾದರೆ, ಹೊಸದಾಗಿ ಬರುತ್ತಿರುವವರದು ಇನ್ನೊಂದು. ಕಾಫಿ ತೋಟಗಳ ಲೈನುಗಳಲ್ಲಿ ಹಿಂದೆ ದುಡಿದವರ ಮಕ್ಕಳು ಓದಿ ನಗರ ಸೇರಿದ್ದಾರೆ. ಅದರಲ್ಲಿ ಕ್ರೈಸ್ತ ಶಾಲೆಗಳ ಪಾಲೂ ಇದೆ. ಅವರ ಜಾಗಕ್ಕೆ ಅಸ್ಸಾಂ, ಜಾರ್ಖಂಡ್ ಮುಂತಾದ ಕಡೆಗಳಿಂದ ಕುಟುಂಬ ಸಮೇತ ಕಾರ್ಮಿಕರು ಬರುತ್ತಿದ್ದಾರೆ. ವಸತಿ, ವೈದ್ಯಕೀಯ ನೆರವು, ಶಿಶುಪಾಲನೆಗಳ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕರ ಮೇಲೆ ಹೊರಿಸಿತ್ತು. ಆದರೆ ಕಾಯ್ದೆ ಸೂರು ಕೊಡಿಸಬಲ್ಲದೇ ಹೊರತು ನೆರೆಹೊರೆಯನ್ನು ಕೊಡಿಸಲಾರದು. ಮಳೆಗಾಲದಲ್ಲಿ ಜ್ವರ ಬಂದ ಮಗುವನ್ನು ಎಲ್ಲಿಗೆ ಒಯ್ಯಬೇಕು, ಬ್ಯಾಂಕಿನ ಅರ್ಜಿಯಲ್ಲಿ ಏನು ಬರೆಯಬೇಕು, ಕನ್ನಡ ಬಾರದ ಹುಡುಗಿಯನ್ನು ಯಾವ ತರಗತಿಗೆ ಸೇರಿಸಬೇಕು, ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ ಮರಣ ಸಂಭವಿಸಿದರೆ ಯಾರನ್ನು ಕರೆಯಬೇಕು? ಇವು ಆಡಳಿತದ ಕಡತಗಳಲ್ಲಿ ಶೀರ್ಷಿಕೆ ದೊರೆಯದ ಪ್ರಶ್ನೆಗಳು.

ಈ ಕಾರ್ಮಿಕರಲ್ಲಿ ಕೆಲವರು ಹುಟ್ಟಿನಿಂದಲೇ ಕ್ರೈಸ್ತರು, ಬಹುಮಂದಿ ಅಲ್ಲ. ಮೊದಲನೆಯವರಿಗೆ ಭಾನುವಾರದ ಬಲಿಪೂಜೆಯಲ್ಲಿ ತಿಳಿಯುವ ಭಾಷೆಯಲ್ಲೊಂದು ಪ್ರಾರ್ಥನೆ, ಮುಂದಿನ ಸಾಲಿನಲ್ಲೊಂದು ಜಾಗ ಬೇಕು. ಎರಡನೆಯವರಿಗೆ ಬೇಕಾದುದು ಷರತ್ತಿಲ್ಲದ ನೆರವು. ಈ ‘ಷರತ್ತಿಲ್ಲದ’ ಎಂಬ ಮಾತಿಗೆ ಇಂದು ವಿಶೇಷ ಒತ್ತು ಅಗತ್ಯ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಚರ್ಚುಗಳ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳು ನಡೆದವು. 2022ರಲ್ಲಿ ಮತಾಂತರ ನಿಯಂತ್ರಣದ ಕಾಯ್ದೆ ಬಂತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾಯ್ದೆಗಳು ಬಂದು ಹೋದರೂ ಸಂಶಯ ಉಳಿಯುತ್ತದೆ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ಶೇ 1.87 ಮಾತ್ರ ಎಂಬ ಅಂಕಿಯೂ ಆ ಸಂಶಯವನ್ನು ನೀಗಿಸಿಲ್ಲ.

ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಸ್ವಾತಂತ್ರ್ಯ ನೀಡಿದೆ. ಇನ್ನೊಬ್ಬನನ್ನು ಮತಾಂತರಿಸುವುದು ಹಕ್ಕಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಹೇಳಿದೆ. ಕಾನೂನಿನ ಗೆರೆ ಇದಾದರೆ, ಸೇವೆಯ ಗೆರೆ ಇನ್ನೂ ಸ್ಪಷ್ಟ: ಒಬ್ಬನೂ ತನ್ನ ಧರ್ಮ ಬದಲಿಸದಿದ್ದರೂ ಪೂರ್ಣವೆನಿಸುವ ಸೇವೆಯೇ ಸೇವೆ. ಇದಕ್ಕೂ ಮಾದರಿ ದೂರದಲ್ಲಿಲ್ಲ. ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ, ಹಾಸನದ ಸಮೀಪ ಕ್ರೈಸ್ತರಿಗಾಗಿ ಬೇಸಾಯದ ನೆಲೆ ಕಟ್ಟಿದರು. 1803–04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರು. ಹಿಂದೂಗಳ ಮತಾಂತರ ಆಗದ ಮಾತು ಎಂದು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ವಾದಿಸಿದವರೂ ಅವರೇ. ಆ ವಾದವನ್ನು ಒಪ್ಪಬಹುದು, ಬಿಡಬಹುದು. ಲಸಿಕೆಯಿಂದ ಉಳಿದ ಜೀವಗಳ ಬಗ್ಗೆ ವಾದಕ್ಕೆ ಆಸ್ಪದವಿಲ್ಲ.

ಆಧ್ಯಾತ್ಮಿಕ ಬೆಳವಣಿಗೆ ಒಳಗಿನ ಸಂಗತಿ, ಅದಕ್ಕೆ ಲೆಕ್ಕಪತ್ರವೇಕೆ ಎಂದು ಕೇಳುವವರಿದ್ದಾರೆ. ಅರ್ಥಶಾಸ್ತ್ರ ಕಲಿಸುವ ಒಂದು ಸರಳ ಸತ್ಯವೆಂದರೆ, ಒಂದು ಸಂಸ್ಥೆಯ ಆದ್ಯತೆ ಅದರ ಭಾಷಣಗಳಲ್ಲಲ್ಲ, ಆಯವ್ಯಯದಲ್ಲಿ ಕಾಣುತ್ತದೆ. ಕ್ಯಾಥೊಲಿಕ್ ಸಭೆಯ 1983ರ ಧರ್ಮಸಂಹಿತೆ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಆರ್ಥಿಕ ಸಮಿತಿ ಇರಲೇಬೇಕೆಂದು ವಿಧಿಸಿದೆ. ಅಂಥ ಸಮಿತಿಗಳು ಗೋಪುರಕ್ಕೆ ಬಣ್ಣ, ಹಬ್ಬಕ್ಕೆ ದೀಪಾಲಂಕಾರಗಳ ಜೊತೆಗೆ ಲೈನುಗಳ ಸೇವೆಗೂ ಒಂದು ಬಾಬ್ತನ್ನು ತೆರೆಯಲಿ. ಲೆಕ್ಕವನ್ನು ಯಾರು ಬೇಕಾದರೂ ಓದುವಂತೆ ಬಾಗಿಲಲ್ಲಿ ತೂಗುಹಾಕಲಿ. ಸಂಶಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಕೊಂಕಣಿ ಕ್ಯಾಥೊಲಿಕರಲ್ಲಿ ವಾರ್ಡಿಗೊಬ್ಬ ಗುರ್ಕಾರನಿರುವ ಸಂಪ್ರದಾಯವಿದೆ. ಅವನ ಸರಹದ್ದು ಸದಸ್ಯರ ಮನೆಗಳ ಅಂಗಳದಲ್ಲಿ ಮುಗಿಯದೆ ಲೈನುಗಳವರೆಗೂ ಚಾಚಬಾರದೇಕೆ? ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ತೆನೆಯನ್ನು ಆಶೀರ್ವದಿಸಿ, ಮನೆಮಂದಿಯೆಲ್ಲ ಕೂಡಿ ಹೊಸ ಅಕ್ಕಿಯ ಊಟ ಉಣ್ಣುತ್ತಾರೆ. ‘ಮನೆಮಂದಿ’ ಎಂಬ ಮಾತನ್ನು ತುಸು ಹಿಗ್ಗಿಸಿದರೆ ಸಾಕು.

ಇದು ಈ ನೆಲಕ್ಕೆ ಹೊರಗಿನ ಆದರ್ಶವೂ ಅಲ್ಲ. ಕಳಸದ ಬದಿಯ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದವರಿಗೆ ಜಾತಿ, ಊರು ಕೇಳದೆ ಎಲೆ ಹಾಕುತ್ತಾರೆ. ದೇವಸ್ಥಾನವಾಗಲಿ, ಇಗರ್ಜಿಯಾಗಲಿ, ಅಪರಿಚಿತನಿಗೆ ಅದು ಏನು ಕೊಟ್ಟಿತು ಎಂಬುದರಿಂದಲೇ ಮಲೆನಾಡು ಅದರ ಹಿರಿಮೆಯನ್ನು ಅಳೆಯುತ್ತ ಬಂದಿದೆ. ಕುದುರೆಮುಖದ ಸುತ್ತಿನ ಸಭೆಗಳಿಗೆ ಕಳೆದುಹೋದ ಜನಸಂಖ್ಯೆ ಮರಳಿ ಬರಲಾರದು. ಅದಕ್ಕಾಗಿ ಕೊರಗಬೇಕಾಗಿಯೂ ಇಲ್ಲ. ಹತ್ತೇ ಕುಟುಂಬಗಳ ಸಭೆಯೂ ತನ್ನ ಪಕ್ಕದ ಲೈನಿನ ಪ್ರತಿ ಮಗುವಿನ ಹೆಸರನ್ನು ಬಲ್ಲುದಾದರೆ, ಆ ಸಭೆ ಬೆಳೆದಿದೆ ಎಂದೇ ತಿಳಿಯಬೇಕು.