ವಿದ್ಯಾರ್ಥಿಗಳೂ ಕ್ಯೂಆರ್ ಪಾವತಿಯೂ

ಕಾಸರಗೋಡಿನ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕಾಗಿ ಮಂಗಳೂರಿಗೆ ಹೋಗಿಬರುವುದು ಹೊಸತಲ್ಲ. ತಲಪಾಡಿ ದಾಟಿದೊಡನೆ ಅಂಗಡಿಯ ಫಲಕಗಳಲ್ಲಿ ಮಲೆಯಾಳ ವಿರಳವಾಗುತ್ತದೆ. ಗಲ್ಲಾಪೆಟ್ಟಿಗೆಯ ಬಳಿಯ ಕಪ್ಪು ಬಿಳುಪಿನ ಚೌಕ ಮಾತ್ರ ಎರಡು ಕಡೆಯಲ್ಲಿಯೂ ಒಂದೇ ತೆರನಾದುದು. ಈ ಚೌಕದ ಮೂಲಕ ಹಣ ಸಲ್ಲಿಸುವ ಕ್ರಮವನ್ನು ವಿಶ್ವವಿದ್ಯಾನಿಲಯದ ತರುಣರು ಇಷ್ಟು ಬೇಗನೆ ರೂಢಿಸಿಕೊಂಡುದೇಕೆ? ಸೌಕರ್ಯವೇ ಕಾರಣವೆಂದು ಹೇಳಿಬಿಡುವುದುಂಟು. ಅದು ಅರ್ಧ ಉತ್ತರವೆಂದು ನಮಗೆ ತೋರುತ್ತದೆ.

ಕ್ಯೂಆರ್ ಸಂಕೇತವು ಹಣಕ್ಕಾಗಿ ಹುಟ್ಟಿದುದಲ್ಲ. 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯ ಮಸಹಿರೊ ಹಾರಾ ಮತ್ತು ಅವರ ಸಂಗಡಿಗರು ವಾಹನಗಳ ಬಿಡಿಭಾಗಗಳ ಲೆಕ್ಕವಿಡಲು ಇದನ್ನು ರಚಿಸಿದರು. ನಮ್ಮ ದೇಶದಲ್ಲಿ ಯುಪಿಐ ವ್ಯವಸ್ಥೆ ಆರಂಭವಾದುದು 2016ರಲ್ಲಿ. ಅದೇ ನವೆಂಬರಿನಲ್ಲಿ 500 ಮತ್ತು 1,000 ರೂಪಾಯಿಗಳ ಹಳೆಯ ನೋಟುಗಳು ರದ್ದಾದುವು. ಆ ಬಳಿಕ ಇದರ ಬಳಕೆ ಹಬ್ಬಿತು. ಅಂಗಡಿಯಲ್ಲಿ ಅಂಟಿಸಿದ ಚೌಕದಲ್ಲಿ ಸಾಮಾನ್ಯವಾಗಿ ವರ್ತಕನ ಹೆಸರು ಮತ್ತು ಯುಪಿಐ ವಿಳಾಸ ಅಡಗಿರುತ್ತವೆ; ಮೊತ್ತವನ್ನೂ ರಹಸ್ಯ ಸಂಖ್ಯೆಯನ್ನೂ ಒತ್ತಬೇಕಾದವನು ಕೊಡುವವನು.

ಹೊಸ ಯಂತ್ರಸಾಧನವನ್ನು ಜನ ಒಪ್ಪುವ ಬಗೆಯನ್ನು ಕುರಿತು ಫ್ರೆಡ್ ಡೇವಿಸ್ 1989ರಲ್ಲಿ ಎರಡು ಕಾರಣಗಳನ್ನು ಮುಂದಿಟ್ಟರು: ಪ್ರಯೋಜನವುಂಟೆಂಬ ಎಣಿಕೆ, ಸುಲಭವೆಂಬ ಎಣಿಕೆ. 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು (ಡೇವಿಸರೂ ಅವರಲ್ಲೊಬ್ಬರು) ಇವುಗಳ ಜೊತೆಗೆ ಪರರ ಪ್ರಭಾವವನ್ನೂ ಅನುಕೂಲ ಸನ್ನಿವೇಶವನ್ನೂ ಎಣಿಸಿದರು. 2012ರಲ್ಲಿ ರೂಢಿಯೂ ಬೆಲೆಯೂ ಸೇರಿದುವು. ಬೆಲೆಯ ಮಾತು ನಮ್ಮಲ್ಲಿ ಬೇಗ ಮುಗಿಯುತ್ತದೆ. ಚಹದ ಲೆಕ್ಕ ತೀರಿಸುವ ಹುಡುಗನಿಗೆ ಶುಲ್ಕವೇನೂ ಇಲ್ಲ.

ನಮ್ಮ ಅನುಭವದಲ್ಲಿ ಬಲವಾದುದು ಪರರ ಪ್ರಭಾವ. ನಾಲ್ವರು ಗೆಳೆಯರು ಹೋಟೆಲಿಗೆ ಹೋದರೆ ಒಬ್ಬನು ಲೆಕ್ಕ ತೀರಿಸುತ್ತಾನೆ, ಉಳಿದವರು ತಮ್ಮ ಪಾಲನ್ನು ಕೂಡಲೇ ಅವನ ಫೋನಿಗೆ ಕಳುಹಿಸುತ್ತಾರೆ. ನೋಟು ಹಿಡಿದವನು ಚಿಲ್ಲರೆಗಾಗಿ ಮುಖ ನೋಡುತ್ತ ನಿಲ್ಲಬೇಕು. ಮರುದಿನ ಅವನೂ ಗೆಳೆಯನಿಂದ ಕಲಿಯುತ್ತಾನೆ. ಆದರೆ ಗೆಳೆಯನು ಕಲಿಸುವುದು ಬೆರಳಿನ ಚಲನೆಯನ್ನು, ಪರದೆಯ ಮೇಲಿನ ಮಾತಿನ ಅರ್ಥವನ್ನಲ್ಲ. ಹಲವು ಆ್ಯಪ್‌ಗಳಲ್ಲಿ ಕನ್ನಡವೂ ಉಂಟು; ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವರು ಸಹ ಅದನ್ನು ಆರಿಸಿದುದನ್ನು ನಾವು ಕಂಡುದು ಕಡಮೆ. ಗೆಳೆಯನ ಪರದೆ ಇಂಗ್ಲಿಷಿನದು, ಆದುದರಿಂದ ಇವನದೂ ಇಂಗ್ಲಿಷಿನದು.

ವಂಚಕನಿಗೆ ಎಡೆ ದೊರೆಯುವುದು ಇಲ್ಲಿಯೇ. ಹಳೆಯ ಪುಸ್ತಕವನ್ನೋ ಸೈಕಲನ್ನೋ ಮಾರಹೊರಟ ವಿದ್ಯಾರ್ಥಿಗೆ ಕೊಳ್ಳುವವನೆಂಬ ಸೋಗಿನವನು ಒಂದು ಚೌಕವನ್ನು ಕಳುಹಿಸಿ, 'ಇದನ್ನು ಸ್ಕ್ಯಾನ್ ಮಾಡಿ, ಹಣ ಬರುತ್ತದೆ' ಎನ್ನುತ್ತಾನೆ. ಪರದೆಯಲ್ಲಿ 'ಪೇ' ಎಂದಿರುತ್ತದೆ. ಅಭ್ಯಾಸದ ಬೆರಳು ರಹಸ್ಯ ಸಂಖ್ಯೆಯನ್ನು ಒತ್ತಿಬಿಡುತ್ತದೆ. ಹಣ ಪಡೆಯುವುದಕ್ಕೆ ಆ ಸಂಖ್ಯೆ ಬೇಕಿಲ್ಲವೆಂಬ ಒಂದು ವಾಕ್ಯವನ್ನು ಕನ್ನಡದಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. ಇದಕ್ಕಿಂತ ಕೆಟ್ಟುದು, ಕಮಿಷನಿನ ಆಸೆಗೆ ತನ್ನ ಖಾತೆಯನ್ನೇ ಅಪರಿಚಿತರ ಹಣ ಸಾಗಿಸಲು ಬಿಟ್ಟುಕೊಡುವುದು. ಪೊಲೀಸರು ಮೊದಲು ಹುಡುಕಿಬರುವುದು ಖಾತೆದಾರನನ್ನೇ.

ಮೋಸ ಹೋದವನು ನಾಚಿ ಸುಮ್ಮನಿರುವುದೇ ಹೆಚ್ಚು. ದೂರು ಕೊಡಲು 1930 ಎಂಬ ರಾಷ್ಟ್ರೀಯ ಸಂಖ್ಯೆ ಉಂಟು. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ಕರೆ ಹೋದರೆ ಅದನ್ನು ಬ್ಯಾಂಕಿನಲ್ಲಿಯೇ ತಡೆಹಿಡಿಯುವ ಸಾಧ್ಯತೆಯಿದೆ.