ವಿಟಿಯು ಬಿಗಿ ಮತ್ತು ಹಳ್ಳಿಯ ವಿದ್ಯಾರ್ಥಿ

ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಎಂಜಿನಿಯರಿಂಗ್ ಓದಿದವರಿಗೆ ವಿಟಿಯು ಎಂದೊಡನೆ ನೆನಪಾಗುವುದು ಮೂರನೇ ಸೆಮಿಸ್ಟರಿನ ಗಣಿತದ ಎಂ-ತ್ರೀ ಪೇಪರು ಮತ್ತು ಇಯರ್ ಬ್ಯಾಕು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಆರಂಭವಾಗುವ ಮೊದಲು ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಮೈಸೂರು, ಬೆಂಗಳೂರು, ಕರ್ನಾಟಕ ಮೊದಲಾದ ವಿಶ್ವವಿದ್ಯಾಲಯಗಳ ಅಡಿಯಲ್ಲಿ ಹಂಚಿಹೋಗಿದ್ದವು. ವಿಟಿಯು ಬಂದ ಮೇಲೆ ಎಲ್ಲರಿಗೂ ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ. ಈ ಬಿಗಿಯನ್ನು ಈಗ ಅನೇಕರು ಹೆಮ್ಮೆಯಿಂದ ನೆನೆಯುತ್ತಾರೆ, ಮತ್ತೆ ಕೆಲವರು ಶಪಿಸುತ್ತಾರೆ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂಥ ಊರಿನಿಂದ ಹೊರಟ ವಿದ್ಯಾರ್ಥಿಯ ಕಡೆಯಿಂದ ನೋಡಿದರೆ, ಆ ಬಿಗಿಯಲ್ಲಿ ಉಳಿಸಿಕೊಳ್ಳಬೇಕಾದದ್ದೂ ಇದೆ, ಬಿಟ್ಟುಬಿಡಬೇಕಾದದ್ದೂ ಇದೆ.

ಉಳಿಸಿಕೊಳ್ಳಬೇಕಾದದ್ದು ಸಮಾನ ಪರೀಕ್ಷೆ. ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 2007ರಲ್ಲಿ. ಅಲ್ಲಿ ಓದಿದವರಿಗೆ ಮೈಸೂರಿನ ಹಳೆಯ ಕಾಲೇಜುಗಳ ಹೆಸರಿನ ಬೆಂಬಲವಿಲ್ಲ. 1946ರ ಎನ್‌ಐಇ, 1963ರ ಎಸ್‌ಜೆಸಿಇ ಹೆಸರು ಹೇಳಿದರೆ ಸಾಕು, ಕೆಲಸ ಕೊಡುವವರು ಗುರುತಿಸುತ್ತಾರೆ. ಹೊಸ ಕಾಲೇಜಿನ ಹುಡುಗಿ ತೋರಿಸಬಹುದಾದದ್ದು ಬೆಂಗಳೂರಿನವರು ಬರೆದ ಅದೇ ಪತ್ರಿಕೆಯಲ್ಲಿ ಪಡೆದ ಅಂಕ ಮಾತ್ರ. ಹೆಸರಾಂತ ಕಾಲೇಜುಗಳು ಒಂದೊಂದಾಗಿ ಸ್ವಾಯತ್ತವಾಗಿ ತಮ್ಮ ಪತ್ರಿಕೆ ತಾವೇ ತೆಗೆಯುವಂತಾದಾಗ ಈ ಹೋಲಿಕೆಗೆ ದಾರಿ ಕಿರಿದಾಯಿತು. ಸ್ವಾಯತ್ತತೆಯಿಂದ ಪಠ್ಯ ಬೇಗ ಹೊಸದಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಅದರ ಲಾಭ ಮೊದಲೇ ಹೆಸರು ಮಾಡಿದವರಿಗೆ ಹೆಚ್ಚು.

ಬಿಡಬೇಕಾದದ್ದು ಬಾಯಿಪಾಠದ ಬಿಗಿ. 2002, 2006, 2010ರ ಸ್ಕೀಮುಗಳಲ್ಲಿ ಇಂಟರ್ನಲ್ಸ್‌ಗೆ 25 ಅಂಕ, ಕೊನೆಯ ಪರೀಕ್ಷೆಗೆ 100. ಇಡೀ ಸೆಮಿಸ್ಟರಿನ ಭಾರ ಮೂರು ಗಂಟೆಯ ಮೇಲೆ. ಎಂಟು ಪ್ರಶ್ನೆಗಳಲ್ಲಿ ಐದಕ್ಕೆ ಉತ್ತರಿಸಿದರೆ ಸಾಕಾಗಿದ್ದರಿಂದ ಕೆಲವು ಅಧ್ಯಾಯ ಬಿಟ್ಟೇ ಪಾಸಾಗಬಹುದಿತ್ತು. ಹಳೆಯ ಪತ್ರಿಕೆ ತಿರುವಿ ಮತ್ತೆ ಬರುವ ಪ್ರಶ್ನೆ ಊಹಿಸುವುದೇ ಒಂದು ವಿದ್ಯೆಯಾಯಿತು. ನಾಲ್ಕಕ್ಕಿಂತ ಹೆಚ್ಚು ವಿಷಯ ಬಾಕಿ ಉಳಿದರೆ ವರ್ಷವೇ ಹೋಗುತ್ತಿತ್ತು. ಇದು ಕಠಿಣ, ನಿಜ. ಆದರೆ ಕಠಿಣವಾದದ್ದೆಲ್ಲ ಆಳವಾಗಿರಬೇಕಿಲ್ಲ. 2015ರಿಂದ ಐದು ಮಾಡ್ಯೂಲುಗಳಿಂದಲೂ ಒಂದೊಂದು ಪ್ರಶ್ನೆ ಕಡ್ಡಾಯವಾದದ್ದು, ಮುಂದೆ 2021ರ ಸ್ಕೀಮಿನಲ್ಲಿ ನಿರಂತರ ಮೌಲ್ಯಮಾಪನಕ್ಕೂ ಕೊನೆಯ ಪರೀಕ್ಷೆಗೂ ತಲಾ 50 ಅಂಕ ಬಂದದ್ದು ಸರಿಯಾದ ತಿದ್ದುಪಡಿ. ಇದರಿಂದ ಗುಣಮಟ್ಟ ಕುಸಿಯಿತು ಎಂದು ಹಳಬರು ದೂರುತ್ತಾರೆ. ಇಂಟರ್ನಲ್ಸ್ ಅಂಕವನ್ನು ಕಾಲೇಜುಗಳು ಧಾರಾಳವಾಗಿ ಕೊಟ್ಟರೆ ಅವರ ಅಂಜಿಕೆ ನಿಜವಾಗುತ್ತದೆ. ಅದಕ್ಕೆ ಮದ್ದು ಹಳೆಯ ಪದ್ಧತಿಗೆ ಮರಳುವುದಲ್ಲ. ಆ ಅಂಕಗಳ ಮೇಲೆ ಹೊರಗಿನ ಪರಿಶೀಲನೆ ಇರಬೇಕು, ಕೊನೆಯ ಪತ್ರಿಕೆಯಲ್ಲಿ ಯೋಚಿಸಿ ಬಿಡಿಸಬೇಕಾದ ಲೆಕ್ಕಗಳಿರಬೇಕು.

ಹಳ್ಳಿಯ ಮಕ್ಕಳಿಗೆ ಪರೀಕ್ಷೆಯನ್ನು ಸಡಿಲಿಸುವುದೇ ನ್ಯಾಯ ಎನ್ನುವವರೂ ಇದ್ದಾರೆ. ಅವರ ಕಾಳಜಿ ಪ್ರಾಮಾಣಿಕ, ದಾರಿ ತಪ್ಪು. ಸುಲಭವಾಗಿ ಸಿಕ್ಕ ಪದವಿಯನ್ನು ಸಂದರ್ಶನದ ಮೇಜಿನಾಚೆ ಕೂತವರು ನಂಬುವುದಿಲ್ಲ, ಆ ನಷ್ಟ ಬೀಳುವುದು ಶಿಫಾರಸಿಲ್ಲದವರ ಮೇಲೆಯೇ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಸೀಟು ಸಿಕ್ಕಿತು. ಆದರೆ ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಲೆಕ್ಕ ಕಲಿತು, ಪಿಯುಸಿಯಲ್ಲಿ ಇಂಗ್ಲಿಷಿನ ಜತೆ ಎರಡು ವರ್ಷ ಗುದ್ದಾಡಿ ಬಂದವರಿಗೆ ಮೊದಲ ಸೆಮಿಸ್ಟರಿನ ಗಣಿತದ ಎಂ-ಒನ್ ತರಗತಿಯ ವೇಗಕ್ಕೆ ಹೊಂದಿಕೊಳ್ಳಲು ನೆರವು ಏನು? ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವವರಿಗೆ ವಿಟಿಯು ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಬಹಳ ಹಿಂದೆಯೇ ಇಟ್ಟಿತ್ತು. ತಳಪಾಯದ ಕೊರತೆಯನ್ನು ಒಪ್ಪಿಕೊಂಡು, ಮಟ್ಟ ತಗ್ಗಿಸದೆ, ಅದನ್ನು ತುಂಬುವ ಕ್ರಮ ಅದು. ಅದೇ ತಿಳಿವಳಿಕೆಯನ್ನು ಕನ್ನಡ ಮಾಧ್ಯಮದವರಿಗೂ ವಿಸ್ತರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಎಐಸಿಟಿಇ 2021ರಲ್ಲೇ ಅವಕಾಶ ಕೊಟ್ಟಿರುವಾಗ, ಕ್ಯಾಲ್ಕುಲಸ್ಸನ್ನು ಕನ್ನಡದಲ್ಲಿ ವಿವರಿಸಿ ಇಂಗ್ಲಿಷಿಗೆ ದಾಟಿಸಲು ಯಾವ ಅಡ್ಡಿಯೂ ಇಲ್ಲ.

ಮೊದಲ ಸೆಮಿಸ್ಟರಿನ ಆರಂಭದ ಕೆಲವು ವಾರಗಳನ್ನು ಈ ತಳಪಾಯ ತುಂಬುವ ಪಾಠಕ್ಕೆ ಮೀಸಲಿಡಲಿ, ವಿಟಿಯು ಮತ್ತು ಸರ್ಕಾರ ಇದನ್ನು ಚಾಮರಾಜನಗರದ ಕಾಲೇಜಿನಿಂದಲೇ ಶುರುಮಾಡಲಿ. ಪ್ರಶ್ನೆಪತ್ರಿಕೆ ಮಾತ್ರ ಬೆಂಗಳೂರಿನವರಿಗೆ ಕೊಟ್ಟದ್ದೇ ಇರಲಿ.