ಡೀಲರರಿಂದ ಖರೀದಿಸಿದ ಬಳಸಿದ ಕಾರಿನ ಎಂಜಿನ್ ಕೆಟ್ಟಲ್ಲಿ ಗ್ರಾಹಕರು ಅನುಸರಿಸಬೇಕಾದ ಕ್ರಮಗಳು

ಹೊಸ ಕಾರಿನ ಬೆಲೆಯನ್ನು ಭರಿಸಲಾಗದ ಅನೇಕ ಕುಟುಂಬಗಳು ಹಲವು ವರ್ಷಗಳ ಉಳಿತಾಯವನ್ನು ಒಗ್ಗೂಡಿಸಿ ಅಥವಾ ಸಾಲ ಪಡೆದು ಡೀಲರರಿಂದ ಬಳಸಿದ ಕಾರನ್ನು ಖರೀದಿಸುತ್ತವೆ. ಖರೀದಿಸಿದ ಕೆಲವೇ ದಿನಗಳಲ್ಲಿ ಎಂಜಿನ್ ಕೆಟ್ಟು ನಿಂತಾಗ, "ಹಳೆಯ ಗಾಡಿ, ನೋಡಿಯೇ ತೆಗೆದುಕೊಂಡಿದ್ದೀರಿ, ಇನ್ನು ನಮ್ಮ ಹೊಣೆ ಇಲ್ಲ" ಎಂಬ ಉತ್ತರ ದೊರೆಯುವುದುಂಟು. ಈ ಉತ್ತರವು ಎಲ್ಲ ಸಂದರ್ಭಗಳಲ್ಲಿಯೂ ಕಾನೂನಿಗೆ ಅನುಗುಣವಾದುದಲ್ಲ. ಅಂತೆಯೇ, ಎಂಜಿನ್ ಕೆಟ್ಟ ಮಾತ್ರಕ್ಕೆ ಡೀಲರರೇ ಹೊಣೆಗಾರರೆಂದು ಭಾವಿಸುವುದೂ ಸರಿಯಲ್ಲ. ಮಾರಾಟದ ದಿನದಂದೇ ಸದರಿ ದೋಷವು ಎಂಜಿನ್‌ನಲ್ಲಿ ಇತ್ತೇ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಅದನ್ನು ರುಜುವಾತುಪಡಿಸುವ ಸಾಕ್ಷ್ಯವು ಬಹುತೇಕ ಎಂಜಿನ್‌ನ ಒಳಗೇ ಇರುತ್ತದೆ. ಆದುದರಿಂದ ಎಂಜಿನ್ ಬಿಚ್ಚುವ ಮುನ್ನ ಗ್ರಾಹಕರು ಕೈಗೊಳ್ಳುವ ಕ್ರಮಗಳು ಅತ್ಯಂತ ಮಹತ್ವದ್ದಾಗಿವೆ.

ಕಾನೂನು ಏನು ಹೇಳುತ್ತದೆ?

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ದಿನಾಂಕ 20-07-2020ರಿಂದ ಜಾರಿಗೆ ಬಂದಿದ್ದು, 1986ರ ಅಧಿನಿಯಮದ ಸ್ಥಾನವನ್ನು ಪಡೆದಿದೆ. ಸ್ವಂತ ಉಪಯೋಗಕ್ಕಾಗಿ ಹಣ ನೀಡಿ ಬಳಸಿದ ಕಾರನ್ನು ಖರೀದಿಸಿದವರೂ ಈ ಅಧಿನಿಯಮದ ಅಡಿಯಲ್ಲಿ ಗ್ರಾಹಕರೇ ಆಗಿರುತ್ತಾರೆ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಖರೀದಿಸಿ ತಾವೇ ಓಡಿಸುವವರಿಗೂ ಇದು ಅನ್ವಯಿಸುತ್ತದೆ. ಮರುಮಾರಾಟಕ್ಕಾಗಿ ಖರೀದಿಸಿದವರಿಗೆ ಅನ್ವಯಿಸುವುದಿಲ್ಲ.

ಬಳಸಿದ ಸರಕನ್ನು ಹೊಸದೆಂದು ಅಥವಾ ಅದರ ಗುಣಮಟ್ಟವನ್ನು ತಪ್ಪಾಗಿ ಬಿಂಬಿಸಿ ಮಾರುವುದು ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ. ಬಿಲ್ಲು ಅಥವಾ ರಸೀದಿ ನೀಡದಿರುವುದೂ ಇದೇ ವ್ಯಾಪ್ತಿಗೆ ಬರುತ್ತದೆ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆದು ಹಣ ಮರುಪಾವತಿಸಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೇ ಆಗಿರುತ್ತದೆ.

ಸರಕು ಮಾರಾಟ ಅಧಿನಿಯಮ, 1930ರ ಕಲಂ 16ರ ಪ್ರಕಾರ, ಅದೇ ಬಗೆಯ ಸರಕಿನ ವ್ಯಾಪಾರ ಮಾಡುವವರಿಂದ ವಿವರಣೆಯನ್ನು ಆಧರಿಸಿ ಖರೀದಿಸಿದ ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರತಕ್ಕದ್ದು. ಆದರೆ ಖರೀದಿದಾರರು ಸರಕನ್ನು ಪರೀಕ್ಷಿಸಿದ್ದಲ್ಲಿ, ಆ ಪರೀಕ್ಷೆಯಿಂದ ತಿಳಿಯಬೇಕಾಗಿದ್ದ ದೋಷಗಳಿಗೆ ಈ ರಕ್ಷಣೆ ದೊರೆಯುವುದಿಲ್ಲ. ಹೊರನೋಟಕ್ಕೆ ಕಾಣದ ಒಳದೋಷದ ವಿಷಯ ಬೇರೆ. "ಇದ್ದಲ್ಲಿ ಇದ್ದಂತೆ" ಎಂಬ ಷರತ್ತಿಗೆ ಸಹಿ ಮಾಡಿದ್ದರೂ, ತಿಳಿದೂ ತಿಳಿದೂ ದೋಷವನ್ನು ಮರೆಮಾಚಿ ವಂಚಿಸಿದವರಿಗೆ ಆ ಷರತ್ತು ಪೂರ್ಣ ರಕ್ಷಣೆ ನೀಡಲಾರದು.

ಸವಕಳಿ ಮತ್ತು ಮರೆಮಾಚಿದ ದೋಷ

ಎಂಟು ಹತ್ತು ವರ್ಷ ಓಡಿದ ಕಾರಿನಲ್ಲಿ ಕ್ಲಚ್, ಬ್ಯಾಟರಿ, ಟೈರು, ಬ್ರೇಕ್ ಪ್ಯಾಡ್‌ಗಳು ಸವೆದಿರುವುದು ಸಹಜ. ಇಂತಹ ಸವಕಳಿಗೆ ಪರಿಹಾರ ದೊರೆಯುವುದು ಕಷ್ಟ. ಆದರೆ ಈ ಕೆಳಕಂಡ ಸಂದರ್ಭಗಳಲ್ಲಿ ದೋಷವು ಮಾರಾಟಕ್ಕೆ ಮೊದಲೇ ಇದ್ದಿರುವ ಸಾಧ್ಯತೆ ಇರುತ್ತದೆ.

1. ಹೆಡ್ ಗ್ಯಾಸ್ಕೆಟ್ ಸೋರಿಕೆ: ರೇಡಿಯೇಟರಿನ ನೀರು ಎಂಜಿನ್ ಆಯಿಲ್‌ಗೆ ಬೆರೆತು ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಎಂಜಿನ್ ಮಿತಿಮೀರಿ ಬಿಸಿಯಾಗುತ್ತದೆ.

2. ಆಯಿಲ್ ಸುಡುವ ಎಂಜಿನ್: ನೀಲಿ ಹೊಗೆ ಇದರ ಲಕ್ಷಣ. ದಪ್ಪನೆಯ ಆಯಿಲ್ ತುಂಬಿಸಿ ಹೊಗೆಯನ್ನು ಕೆಲವು ದಿನಗಳ ಮಟ್ಟಿಗೆ ತಗ್ಗಿಸಿ ತೋರಿಸಲು ಸಾಧ್ಯವಿದೆ.

3. ನೀರಿನಲ್ಲಿ ಮುಳುಗಿದ ಕಾರು: ಸಿಲಿಂಡರಿಗೆ ನೀರು ನುಗ್ಗಿದಾಗ ಎಂಜಿನ್ ಚಾಲನೆ ಮಾಡಿದರೆ, ನೀರು ಕುಗ್ಗದ ಕಾರಣ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಪ ಬಾಗಿದ ರಾಡ್ ಕೆಲವು ಕಾಲ ಕೆಲಸ ಮಾಡಿ, ಅನಂತರ ಮುರಿಯಬಹುದು. 2015ರ ಚೆನ್ನೈ ನೆರೆಯಲ್ಲಿ ಮತ್ತು 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ಅನೇಕ ಕಾರುಗಳು ನೀರಿನಲ್ಲಿ ಮುಳುಗಿದ್ದವು. ಆದುದರಿಂದ ಕಾರಿನ ವಿಮಾ ಪರಿಹಾರದ ಇತಿಹಾಸವನ್ನು ವಿಚಾರಿಸುವುದು ಅಗತ್ಯ.

4. ಓಡೋಮೀಟರ್ ತಿದ್ದುವಿಕೆ: ಓಡಿದ ಕಿಲೋಮೀಟರನ್ನು ಕಡಿಮೆ ತೋರಿಸಿದಲ್ಲಿ, ಬದಲಿಸಬೇಕಾಗಿದ್ದ ಟೈಮಿಂಗ್ ಬೆಲ್ಟ್ ಬದಲಾಗದೆ ಉಳಿದು, ಓಡುತ್ತಿರುವಾಗಲೇ ತುಂಡಾಗಿ ಅನೇಕ ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ಹಾಳುಗೆಡವುತ್ತದೆ.

ಎಂಜಿನ್ ಬಿಚ್ಚುವ ಮುನ್ನ

1. ತಾಪಮಾನದ ಸೂಚಕ ಏರಿದಲ್ಲಿ ಅಥವಾ ಆಯಿಲ್ ಒತ್ತಡದ ಕೆಂಪು ದೀಪ ಬೆಳಗಿದಲ್ಲಿ ಕಾರನ್ನು ಸುರಕ್ಷಿತವಾಗಿ ನಿಲ್ಲಿಸಿ ಎಂಜಿನ್ ಆರಿಸತಕ್ಕದ್ದು. ಹಾಗೆಯೇ ಓಡಿಸಿದಲ್ಲಿ, ಹಾನಿಯು ಗ್ರಾಹಕರ ಅಜಾಗರೂಕತೆಯಿಂದ ಆಯಿತೆಂಬ ವಾದಕ್ಕೆ ಅವಕಾಶವಾಗುತ್ತದೆ.

2. ಓಡೋಮೀಟರ್, ಎಚ್ಚರಿಕೆ ದೀಪಗಳು ಮತ್ತು ಆಯಿಲ್ ಕಡ್ಡಿಯ ಛಾಯಾಚಿತ್ರಗಳನ್ನು ದಿನಾಂಕ ಸಹಿತ ತೆಗೆದುಕೊಳ್ಳಬೇಕು.

3. ಡೀಲರರಿಗೆ ಇ-ಮೇಲ್ ಮತ್ತು ಸ್ಪೀಡ್ ಪೋಸ್ಟ್ ಮೂಲಕ ಲಿಖಿತವಾಗಿ ತಿಳಿಸಿ, ನಿಗದಿತ ದಿನದಂದು ತಾವು ಅಥವಾ ತಮ್ಮ ಮೆಕ್ಯಾನಿಕ್ ಹಾಜರಾಗಿ ಪರಿಶೀಲಿಸುವಂತೆ ಕೋರಬೇಕು. ದೂರವಾಣಿಯ ಮಾತು ಮಾತ್ರ ಸಾಲದು.

4. ಡೀಲರರು ಬಾರದಿದ್ದಲ್ಲಿ, ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ಅಥವಾ ಅರ್ಹ ಆಟೋಮೊಬೈಲ್ ಎಂಜಿನಿಯರ್ ಸಮ್ಮುಖದಲ್ಲಿ ಎಂಜಿನ್ ಬಿಚ್ಚಿಸಿ, ಯಾವ ಭಾಗ ಕೆಟ್ಟಿದೆ, ಕಾರಣವೇನು, ದೋಷ ಎಷ್ಟು ಹಳೆಯದು ಎಂಬ ಬಗ್ಗೆ ಸಹಿ ಮಾಡಿದ ವರದಿ ಪಡೆಯಬೇಕು.

5. ತೆಗೆದ ಬಿಡಿಭಾಗಗಳನ್ನೂ ಆಯಿಲ್ ಮಾದರಿಯನ್ನೂ ಕಾಯ್ದಿರಿಸಬೇಕು. ಗುಜರಿಗೆ ಹೋದ ಬಿಡಿಭಾಗ ಸಾಕ್ಷಿ ಹೇಳುವುದಿಲ್ಲ.

6. ಸೇವಾ ಕೇಂದ್ರದಲ್ಲಿರುವ ಕಾರಿನ ಹಿಂದಿನ ಸರ್ವಿಸ್ ದಾಖಲೆಗಳನ್ನು ಕೋರಬೇಕು. ಪ್ರತಿ ಸರ್ವಿಸ್‌ನಲ್ಲಿಯೂ ಓಡಿದ ಕಿಲೋಮೀಟರ್ ನಮೂದಾಗಿರುತ್ತದೆ.

ಒಂದು ಉದಾಹರಣೆ

ತುಮಕೂರಿನ ಶಿಕ್ಷಕಿಯೊಬ್ಬರು ಎಂಟು ವರ್ಷ ಹಳೆಯ ಡೀಸೆಲ್ ಕಾರನ್ನು ರೂ. 3,80,000ಕ್ಕೆ ಡೀಲರರಿಂದ ಖರೀದಿಸಿದರೆಂದು ಭಾವಿಸೋಣ. ಜಾಹೀರಾತಿನಲ್ಲಿ "85,000 ಕಿ.ಮೀ., ಎಂಜಿನ್ ಉತ್ತಮ ಸ್ಥಿತಿಯಲ್ಲಿದೆ" ಎಂದಿತ್ತು. 19ನೆಯ ದಿನ ಎಂಜಿನ್ ಬಿಸಿಯಾಗಿ ನಿಂತಿತು. ಅವರು ಕಾರನ್ನು ಸೇವಾ ಕೇಂದ್ರಕ್ಕೆ ಎಳೆಸಿ, ಡೀಲರರಿಗೆ ಪತ್ರ ಬರೆದು, ಏಳು ದಿನ ಕಾದು, ಅನಂತರವೇ ಎಂಜಿನ್ ಬಿಚ್ಚಿಸಿದರು. ಸಿಲಿಂಡರ್ ಹೆಡ್ಡನ್ನು ಹಿಂದೆಯೇ ಬಿಚ್ಚಿ ಅಂಟು ಹಚ್ಚಿ ಕೂಡಿಸಲಾಗಿತ್ತೆಂದು ವರದಿ ತಿಳಿಸಿತು. ಒಂದು ವರ್ಷದ ಹಿಂದಿನ ಸರ್ವಿಸ್ ದಾಖಲೆಯಲ್ಲಿ 1,42,000 ಕಿ.ಮೀ. ಎಂದಿತ್ತು. ಜಾಹೀರಾತು, ವರದಿ ಮತ್ತು ಸರ್ವಿಸ್ ದಾಖಲೆ ಈ ಮೂರೂ ಕೂಡಿ ಅವರ ದೂರಿಗೆ ಬಲ ನೀಡುತ್ತವೆ. ಅದೇ ಶಿಕ್ಷಕಿ ಆತುರದಲ್ಲಿ ರಸ್ತೆಬದಿಯ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ್ದರೆ, ಅವರ ಬಳಿ ಉಳಿಯುತ್ತಿದ್ದುದು ರಿಪೇರಿಯ ಬಿಲ್ಲು ಮಾತ್ರ.

ದೂರನ್ನು ಎಲ್ಲಿ, ಹೇಗೆ ಸಲ್ಲಿಸಬೇಕು?

ಮೊದಲಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ನೋಂದಾಯಿಸಬಹುದು. ಅಲ್ಲಿ ಇತ್ಯರ್ಥವಾಗದಿದ್ದಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಕಾರಿಗೆ ಪಾವತಿಸಿದ ಬೆಲೆ ರೂ. 50 ಲಕ್ಷ ಮೀರದಿದ್ದಲ್ಲಿ ಜಿಲ್ಲಾ ಆಯೋಗವೇ ವಿಚಾರಣೆ ನಡೆಸುತ್ತದೆ. ಡೀಲರರು ಬೇರೆ ಊರಿನವರಾಗಿದ್ದರೂ ಗ್ರಾಹಕರು ತಾವು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ಪಾವತಿಸಿದ ಬೆಲೆ ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. 2025ರಿಂದ ಇ-ಜಾಗೃತಿ ಅಂತರ್ಜಾಲ ವ್ಯವಸ್ಥೆಯ ಮೂಲಕವೂ ದೂರು ಸಲ್ಲಿಸಬಹುದಾಗಿದೆ. ವ್ಯಾಜ್ಯಕ್ಕೆ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು.

ದೋಷ ಸಾಬೀತಾದಲ್ಲಿ ಆಯೋಗವು ದೋಷ ನಿವಾರಣೆ, ಬೆಲೆಯ ಮರುಪಾವತಿ, ನಷ್ಟ ಪರಿಹಾರ ಮತ್ತು ವ್ಯಾಜ್ಯದ ವೆಚ್ಚದ ಬಗ್ಗೆ ಆದೇಶಿಸಬಹುದು. ಕಾರು ಕೆಟ್ಟಿದೆಯೆಂದು ಬ್ಯಾಂಕ್ ಸಾಲದ ಕಂತನ್ನು ನಿಲ್ಲಿಸಬಾರದು. ಸಾಲವು ಪ್ರತ್ಯೇಕ ಕರಾರು. ಸಾಮಾನ್ಯ ಮೋಟಾರು ವಿಮೆಯು ಯಾಂತ್ರಿಕ ಕೆಡುಕಿಗೆ ಪರಿಹಾರ ನೀಡುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

ದಿನಾಂಕ 01-04-2023ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ನೋಂದಾಯಿತ ವಾಹನಗಳ ಡೀಲರರು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪ್ರಮಾಣಪತ್ರ ಪಡೆದಿರತಕ್ಕದ್ದು. ಅದನ್ನು ಕೇಳಿ ನೋಡಬೇಕು. ಬಿಲ್ಲು ಡೀಲರರ ಹೆಸರಿನಲ್ಲಿಯೇ ಇರುವಂತೆ ನೋಡಿಕೊಳ್ಳಬೇಕು. ಡೀಲರರು ತಾವು ಕೇವಲ ಮಧ್ಯವರ್ತಿ ಎಂದು ಅನಂತರ ಹೇಳುವುದನ್ನು ಇದು ತಡೆಯುತ್ತದೆ. ಓಡಿದ ಕಿಲೋಮೀಟರ್, ಅಪಘಾತ ಅಥವಾ ನೆರೆಯ ಇತಿಹಾಸ, ಎಂಜಿನ್‌ನ ಖಾತರಿಯ ಅವಧಿ ಇವುಗಳನ್ನು ಲಿಖಿತವಾಗಿ ಪಡೆಯಬೇಕು. ಎಂಜಿನ್ ತಣ್ಣಗಿರುವಾಗಲೇ ಚಾಲನೆ ಮಾಡಿಸಿ ನೋಡಬೇಕು. ಜಾಹೀರಾತಿನ ಪ್ರತಿಯನ್ನು ಕಾಯ್ದಿರಿಸಿಕೊಳ್ಳಬೇಕು.

ಮಾರುವಾಗ ಬಾಯಲ್ಲಿ ಹೇಳಿದ ಮಾತನ್ನು ಕಾಗದದ ಮೇಲೆ ಬರೆದುಕೊಡಲು ಹಿಂಜರಿಯುವ ಡೀಲರರ ಕಾರನ್ನು ಖರೀದಿಸದಿರುವುದೇ ಕ್ಷೇಮ. ಗ್ರಾಹಕರು ಈ ಮೇಲ್ಕಂಡ ಅಂಶಗಳನ್ನು ಗಮನದಲ್ಲಿರಿಸಿಕೊಂಡು ತಮ್ಮ ಹಕ್ಕುಗಳನ್ನು ರಕ್ಷಿಸಿಕೊಳ್ಳಬೇಕಾಗಿ ಕೋರಲಾಗಿದೆ.